ದೋಷವಿಲ್ಲದ ಬಂದೂಕು

ಆ ಬಂದೂಕಿನಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಮ್ಮ ಮನೆಯಲ್ಲಿ ಇವತ್ತಿಗೂ ಆ ಬೆಳಗಿನ ಮಾತು ಬಂದರೆ ಯಾರಾದರೊಬ್ಬರು "ಆ ಗನ್ನೇ ಸರಿ ಇರ್ಲಿಲ್ಲ" ಎಂದು ಶುರು ಮಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಅದನ್ನು ತಯಾರಿಸಿದ ಕಂಪನಿ ಅದು ಏನೇನು ಮಾಡುತ್ತದೆ ಎಂದು ಹೇಳಿಕೊಂಡಿತ್ತೋ ಅಷ್ಟನ್ನೂ ಅದು ಚಾಚೂ ತಪ್ಪದೆ ಮಾಡಿತು. ಆ ದಿನ ನಮ್ಮ ಮನೆಯಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದು ಅದೊಂದೇ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಮೈಸೂರಿನಲ್ಲಿ ಭೌತಶಾಸ್ತ್ರ ಓದಿ, ಮದ್ರಾಸು ಇನ್ನೂ ಮದ್ರಾಸೇ ಆಗಿದ್ದಾಗ ಮದುವೆಯಾಗಿ ಇಲ್ಲಿಗೆ ಬಂದವಳು. ಗಂಡನ ಮನೆಯವರು ಎರಡು ತಲೆಮಾರಿನ ಹಿಂದೆ ತುಮಕೂರಿನ ಕಡೆಯಿಂದ ಬಂದು ಪ್ಯಾರಿಸ್ ಕಾರ್ನರಿನಲ್ಲಿ ಬಟ್ಟೆಯ ಸಗಟು ವ್ಯಾಪಾರ ಹಿಡಿದವರು. ಅಣ್ಣಾ ನಗರದ ಮನೆಯಲ್ಲಿ ಅತ್ತೆ, ಮಾವ, ನನ್ನ ಗಂಡ, ನಾನು, ನಮ್ಮ ಮಗಳು, ಮತ್ತು ನನ್ನ ಗಂಡನ ಅಣ್ಣ ಒಟ್ಟಿಗಿದ್ದೆವು. ಆ ಬಾವನಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ನಾವೆಲ್ಲ ಕನ್ನಡವೇ ಆಡುತ್ತಿದ್ದೆವು, ತಮಿಳು ಅದರೊಳಗೆ ತಾನಾಗಿ ನುಗ್ಗುತ್ತಿತ್ತು. ಮಗಳು ಮಾತ್ರ ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು.

ಅಂಗಡಿಯ ದುಡ್ಡನ್ನು ಮನೆಗೆ ಹೊತ್ತು ತರುತ್ತಿದ್ದ ಕಾಲದಲ್ಲಿ ಮಾವನ ತಂದೆ ಒಂದು ಜೋಡು ನಳಿಕೆಯ ಬಂದೂಕು ಇಟ್ಟುಕೊಂಡಿದ್ದರಂತೆ. ಬಾವ ಅದನ್ನು ಕೊಟ್ಟು ಇದನ್ನು ತಂದರು. ಊಟಿಯ ಕಡೆ ಎಸ್ಟೇಟು ಇಟ್ಟುಕೊಂಡಿದ್ದ ಯಾರೋ ತೀರಿಕೊಂಡ ಮೇಲೆ ಮಾರಾಟಕ್ಕೆ ಬಂದ ವಿದೇಶಿ ಬಂದೂಕು, ಸೆಮಿ ಆಟೋಮ್ಯಾಟಿಕ್. ಲೈಸೆನ್ಸು ಮಾವನ ಹೆಸರಿನಲ್ಲಿತ್ತು, ಬಾವನ ಹೆಸರೂ ಅದರಲ್ಲಿ ಸೇರಿತ್ತು. ಅದು ಬಂದ ದಿನದಿಂದ ಊಟದ ಮೇಜಿನ ಮೇಲೆ ಆ ಕಂಪನಿಯ ಗುಣಗಾನ.

"ಮಣ್ಣಲ್ಲಿ ಹೂತಿಟ್ಟು ತೆಗೆದ್ರೂ ಹೊಡೆಯುತ್ತೆ ಕಣೋ," ಎಂದು ನನ್ನ ಗಂಡನಿಗೆ ಹೇಳುವರು. "ಬೇರೆ ಕಂಪನಿ ಗನ್ನೆಲ್ಲ ಅರ್ಧದಲ್ಲೇ ಮಾಟಿಕೊಳ್ಳುತ್ತೆ, ಸಿಕ್ಕಾಕ್ಕೊಂಡು ನಿಂತುಬಿಡುತ್ತೆ. ಇದು? ಚಾನ್ಸೇ ಇಲ್ಲ."

"ಹಾಗಾದ್ರೆ ಇದನ್ನೇ ಮದುವೆ ಆಗು," ಎನ್ನುವರು ಅತ್ತೆ, ಸಾರು ಬಡಿಸುತ್ತ.

ಅದರ ಪ್ರತಾಪ ತೋರಿಸಲು ಒಂದು ಭಾನುವಾರ ನಮ್ಮನ್ನೆಲ್ಲ ಊರ ಹೊರಗಿನ ಶೂಟಿಂಗ್ ಮೈದಾನಕ್ಕೆ ಕರೆದುಕೊಂಡು ಹೋದರು. ಯಂತ್ರವೊಂದು ಗಾಳಿಗೆ ಎಸೆಯುವ ಮಣ್ಣಿನ ಬಿಲ್ಲೆಗಳನ್ನು ಒಡೆಯುವ ಆಟ. ಪಕ್ಕದಲ್ಲಿದ್ದ ಜೋಡು ನಳಿಕೆಯವರು ಎರಡು ಸಲ ಹೊಡೆದು, ಬಂದೂಕನ್ನು ಮಡಿಸಿ, ಖಾಲಿ ತೋಟಾ ಕಿತ್ತು, ಹೊಸದನ್ನು ತುಂಬುವಷ್ಟರಲ್ಲಿ ಬಾವ ತುಂಬಿದ್ದನ್ನೆಲ್ಲ ಮುಗಿಸಿ ನಮ್ಮ ಕಡೆ ತಿರುಗಿ ನಗುತ್ತಿದ್ದರು. ನನಗೂ ಬೆರಗಾಯಿತು, ಸುಳ್ಳು ಯಾಕೆ ಹೇಳಲಿ? ಸಿಡಿದ ಮದ್ದಿನ ಅನಿಲದಲ್ಲಿ ಸ್ವಲ್ಪವನ್ನು ಅದು ತನಗೆಂದು ಉಳಿಸಿಕೊಂಡು, ಅದೇ ಬಲದಿಂದ ಖಾಲಿ ತೋಟಾವನ್ನು ಪಕ್ಕಕ್ಕೆ ಒಗೆದು, ನಳಿಕೆಯ ಕೆಳಗಿನ ಕೊಳವೆಯಿಂದ ಮುಂದಿನದನ್ನು ಎಳೆದು ಜಾಗಕ್ಕೆ ಕೂರಿಸುತ್ತದೆ. ಭುಜಕ್ಕೆ ಒದೆತವೂ ಕಡಿಮೆ. ಮನುಷ್ಯ ಮಾಡಬೇಕಾದದ್ದು ಟ್ರಿಗರ್ ಎಳೆಯುವುದೊಂದೇ. ಬಾಕಿಯೆಲ್ಲವನ್ನೂ ಕಂಪನಿ ಮೊದಲೇ ಯೋಚಿಸಿಟ್ಟಿದೆ.

ಆ ಮೈದಾನದಲ್ಲಿ ಇನ್ನೊಂದನ್ನೂ ನೋಡಿದೆ. ಪ್ರತಿ ಸರದಿ ಮುಗಿದಾಗ ವಿಸಿಲ್ ಹಿಡಿದ ಮೇಲ್ವಿಚಾರಕರೊಬ್ಬರು ಬರುತ್ತಿದ್ದರು. ಹೊಡೆದವರು ಬಂದೂಕನ್ನು ತೆರೆದು, ತೋಟಾ ಕೂರುವ ಜಾಗಕ್ಕೆ ಕಿರುಬೆರಳು ಹಾಕಿ ತಡವಿ, "ಖಾಲಿ" ಎಂದು ಗಟ್ಟಿಯಾಗಿ ಹೇಳಬೇಕು. ಅದಾದ ಮೇಲೆ ಕೆಳಗಿನ ಕೊಳವೆಯನ್ನೂ ಹಾಗೆಯೇ. ಬಾವ ಶಾಲೆಯ ಹುಡುಗನಂತೆ ಎರಡನ್ನೂ ಮಾಡಿದರು. ಎರಡನ್ನೂ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವರಿಗೆ ಗೊತ್ತಿರಲಿಲ್ಲ ಎಂದು ಯಾರೂ ನನಗೆ ಹೇಳಬೇಡಿ.

ಆ ವರ್ಷದ ಆಯುಧಪೂಜೆ ಹೊಸ ಬಂದೂಕಿನ ಮೊದಲನೆಯ ಪೂಜೆ. ನಮ್ಮ ಮನೆಯಲ್ಲಿ ಅದಕ್ಕೊಂದು ಕ್ರಮವಿತ್ತು. ಹಾಲಿನ ಗೋಡೆಯ ಬದಿಗೆ ಮಣೆ ಹಾಕಿ ಅಂಗಡಿಯ ಗಜಕೋಲು, ಕತ್ತರಿ, ಹೊಲಿಗೆ ಯಂತ್ರ, ಕಾರಿನ ಕೀಲಿ ಎಲ್ಲ ಜೋಡಿಸುತ್ತಿದ್ದೆವು. ಪಕ್ಕದಲ್ಲಿ ಮಗಳ ಶಾಲೆಯ ಪುಸ್ತಕಗಳ ಗೋಪುರ, ಅದರ ಮೇಲೆ ರೇಷ್ಮೆ ಬಟ್ಟೆ. ಹಳೆಯ ಬಂದೂಕಿನ ಕಾಲದಲ್ಲಿ ಮಾವ ಅದನ್ನು ಮಡಿಸಿ ಎರಡು ತೋಟಾಗಳನ್ನೂ ತೆಗೆದು ತಟ್ಟೆಯಲ್ಲಿಟ್ಟು, ನಳಿಕೆಗಳನ್ನು ದೀಪದ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಎರಡರಲ್ಲೂ ದೀಪ ಕಂಡರೆ ಸರಿ, ಮಣೆಯ ಮೇಲೆ ಮಲಗಿಸಿ ವಿಭೂತಿ ಹಚ್ಚುವರು. ಅಲ್ಲಿಂದ ಮರುದಿನ ಬೆಳಿಗ್ಗೆಯವರೆಗೆ ಯಾವುದನ್ನೂ ಯಾರೂ ಮುಟ್ಟುವಂತಿಲ್ಲ. ವಿಜಯದಶಮಿಯ ದಿನ ಸ್ನಾನ ಮಾಡಿ ಒಂದೊಂದನ್ನೂ ಒಂದು ಸಲ ಬಳಸಬೇಕು. ಕತ್ತರಿಯಿಂದ ಒಂದು ದಾರ, ಪುಸ್ತಕದಿಂದ ಒಂದು ಸಾಲು, ಕಾರು ಗೇಟಿನವರೆಗೆ. ಬಂದೂಕಿನದು ಎರಡು ಟ್ರಿಗರ್, ಖಾಲಿ ನಳಿಕೆಯ ಮೇಲೆ ಕಟ್, ಕಟ್. ಆಮೇಲೆಯೇ ತಿಂಡಿ.

ಪಕ್ಕದ ಬೀದಿಯಲ್ಲಿ ಕಳ್ಳತನವಾದಾಗಿನಿಂದ ಬಾವ ಬಂದೂಕನ್ನು ತುಂಬಿಯೇ ಬೀರುವಿನಲ್ಲಿ ಇಡುತ್ತಿದ್ದರು. ಪೂಜೆಗೆ ತಂದಾಗ ಪಕ್ಕದ ಹಿಡಿಯನ್ನು ಚುರುಕಾಗಿ ಎಳೆದರು. ಕೆಂಪು ತೋಟಾ ಒಂದು ಛಂಗನೆ ಹಾರಿತು. ಗಾಳಿಯಲ್ಲೇ ಹಿಡಿದು, ಹಿಡಿಯನ್ನು ಬಿಟ್ಟರು. ಅದು ಟಕ್ ಎಂದು ತನ್ನ ಜಾಗಕ್ಕೆ ಹೋಯಿತು. ತೋಟಾವನ್ನು ತಟ್ಟೆಯಲ್ಲಿಟ್ಟು ಅದಕ್ಕೂ ಕುಂಕುಮ ಹಚ್ಚಿದರು.

"ಇದ್ರಲ್ಲಿ ದೀಪ ನೋಡೋದು ಹ್ಯಾಗಪ್ಪಾ?" ಎಂದರು ಮಾವ. ಅವರಿಗೆ ಆ ಒಂದು ಕಣ್ಣು ಮುಚ್ಚುವ ಕೆಲಸ ತಪ್ಪಿಹೋಗಿದ್ದಕ್ಕೆ ಬೇಸರ.

"ಅದೆಲ್ಲ ಇದಕ್ಕೆ ಬೇಡ ಅಪ್ಪಾ. ಇದು ಆಟೋಮ್ಯಾಟಿಕ್ಕು."

ಮಂಗಳಾರತಿ ಆಯಿತು. ತಟ್ಟೆಯಲ್ಲಿದ್ದ ಆ ಒಂಟಿ ತೋಟಾ ನನ್ನ ಕಣ್ಣಿಗೆ ಚುಚ್ಚುತ್ತಿತ್ತು. ಮೈದಾನದಲ್ಲಿ ಒಂದರ ಹಿಂದೆ ಒಂದು ಹಾರಿ ಬಿದ್ದದ್ದು ನೆನಪಿತ್ತು.

"ಬಾವ, ಒಂದೇ ಬಂತಲ್ಲ. ಒಳಗೆ ನೋಡಿದ್ರಾ?"

"ಅರಿಶಿನ ಕುಂಕುಮ ಬಿದ್ದ ಮೇಲೆ ಮುಟ್ಟೋ ಹಾಗಿಲ್ಲಮ್ಮ," ಎಂದರು ಅತ್ತೆ. "ನಾಳೆ ಬೆಳಿಗ್ಗೆವರೆಗೂ ಅದು ದೇವರು."

"ನೋಡಮ್ಮಾ," ಎಂದರು ಬಾವ, ಕೈಯಲ್ಲಿ ಕಡಲೆಪುರಿ ತುಂಬಿಕೊಳ್ಳುತ್ತ, "ಪಾಠ ನೀನು ಸ್ಕೂಲಲ್ಲಿ ಮಾಡು. ಗನ್ ವಿಷಯ ನಂಗೆ ಬಿಡು."

ನನ್ನ ಗಂಡ ನಕ್ಕರು. "ಇವಳು ಗ್ಯಾಸ್ ಆಫ್ ಮಾಡಿದ್ದನ್ನೂ ಎರಡೆರಡು ಸಲ ನೋಡ್ತಾಳೆ ಬಿಡೋ."

ಎಲ್ಲರೂ ನಕ್ಕರು. ದೇವರೆಂದು ಕರೆದ ಮೇಲೆ ಅದರ ಹೊಟ್ಟೆಯಲ್ಲಿ ಏನಿದೆ ಎಂದು ನೋಡುವುದು ಅಪಚಾರ. ಜೋಡು ನಳಿಕೆಗೆ ದೀಪ ಹಿಡಿದು ನೋಡುವುದು ಪೂಜೆಯ ಭಾಗವಾಗಿತ್ತು. ಇದಕ್ಕೆ ಆ ಭಾಗ ಇರಲಿಲ್ಲ, ಬೇರೆ ಭಾಗವನ್ನು ಯಾರೂ ಕಟ್ಟಲಿಲ್ಲ. ಬಂದೂಕು ಬದಲಾಗಿತ್ತು, ಅದರ ಮುಂದೆ ಕೈಮುಗಿಯುವ ಕ್ರಮ ಮಾತ್ರ ಹಳೆಯದೇ ಉಳಿದಿತ್ತು.

ಬೆಳಿಗ್ಗೆ ಯಾವಾಗಲೂ ಮೊದಲು ಪುಸ್ತಕ. ಮಗಳು ತಲೆಗೆ ಎಣ್ಣೆ ಸ್ನಾನ ಮಾಡಿ, ಕೂದಲು ಆರುವ ಮೊದಲೇ ಮಣೆಯ ಮುಂದೆ ಕೂತಿದ್ದಳು, ಪುಸ್ತಕಗಳಿಗೆ ಅಂಟಿಕೊಂಡ ಹಾಗೆ. ಬಾವ ಆತುರದಲ್ಲಿದ್ದರು.

"ಏಳು ಕಣ್ಣಾ, ಫಸ್ಟು ದೊಡ್ಡಪ್ಪಂದು. ರಾಹುಕಾಲ ಬರೋದ್ರೊಳಗೆ ಅಂಗಡಿ ತೆಗೀಬೇಕು."

"ಇಲ್ಲೆ! ಫಸ್ಟು ಎನ್ ಬುಕ್ಕು!"

"ಬಾರೇ ಈ ಕಡೆ," ಎಂದು ನಾನು ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಅವಳು ಮುಖ ಊದಿಸಿಕೊಂಡು ನನ್ನ ಸೆರಗಿನ ಹಿಂದೆ ಬಂದು ನಿಂತಳು. ಇದನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ. ಅವಳು ಇನ್ನೊಂದು ಸಲ ಹಟ ಮಾಡಿದ್ದರೆ? ಬಾವ, ಸರಿ ಅಲ್ಲೇ ಕೂತು ಓದ್ತಾ ಇರು ಎಂದಿದ್ದರೆ? ಅವರು ಅವಳ ಹಟಕ್ಕೆ ಸೋಲದೆ ಇದ್ದ ದಿನವೇ ಇರಲಿಲ್ಲ. ಅವತ್ತು ರಾಹುಕಾಲವಿತ್ತು.

ಬಾವ ಬಂದೂಕನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ದೇವರ ಕಡೆಗೆ ಮುಖ ಮಾಡಿ ನಿಂತರು. ದೇವರ ಕಡೆಗೆ ಎಂದರೆ ಮಣೆಯ ಕಡೆಗೆ, ಪುಸ್ತಕಗಳ ಕಡೆಗೆ. ಕಟ್ ಎಂದು ಕೇಳಲು ನಾವೆಲ್ಲ ಕಾಯುತ್ತಿದ್ದೆವು.

ಅದು ಶಬ್ದ ಎಂದು ನನಗೆ ತಕ್ಷಣ ಗೊತ್ತಾಗಲಿಲ್ಲ. ಹಾಲಿನ ಗಾಳಿಯನ್ನೆಲ್ಲ ಯಾರೋ ಒಂದೇ ಏಟಿಗೆ ಗುದ್ದಿದ ಹಾಗಾಯಿತು. ದೀಪ ಆರಿತು. ಕಡಲೆಪುರಿ ಕೋಣೆಯ ತುಂಬ ಹಾರಿತು. ಪುಸ್ತಕದ ಗೋಪುರ ಗೋಡೆಗೆ ಹೋಗಿ ಬಡಿದು ಚೆಲ್ಲಾಪಿಲ್ಲಿಯಾಯಿತು. ಬಿಳಿ ಗಾರೆಯ ಧೂಳು, ಮದ್ದಿನ ಘಾಟು. ಮಗಳ ಬಾಯಿ ಅಗಲವಾಗಿ ತೆರೆದಿತ್ತು, ಕಿರುಚುತ್ತಿದ್ದಳು ಅನಿಸುತ್ತದೆ. ನನಗೆ ಏನೂ ಕೇಳಿಸುತ್ತಿರಲಿಲ್ಲ. ಖಾಲಿ ತೋಟಾ ಒಂದು ಉರುಳಿ ಬಂದು ನನ್ನ ಕಾಲಿಗೆ ತಾಗಿತು, ಬೆಚ್ಚಗಿತ್ತು.

ಅವಳ ಮೈಯನ್ನೆಲ್ಲ ತಡವಿದೆ. ತಲೆ, ಬೆನ್ನು, ಕಾಲು. ಒಂದು ಗೀರೂ ಇರಲಿಲ್ಲ. ಆಮೇಲೆ ಪುಸ್ತಕ ನೋಡಿದೆ. ಮೇಲಿದ್ದ ವಿಜ್ಞಾನದ ಪುಸ್ತಕದಲ್ಲಿ ನನ್ನ ಮುಷ್ಟಿ ಹಿಡಿಸುವಷ್ಟು ತೂತು, ಅಂಚೆಲ್ಲ ಕಪ್ಪು. ಅಷ್ಟು ಹತ್ತಿರದಿಂದ ಸೀಸದ ಚರೆಗಳು ಚೆದುರುವುದಿಲ್ಲ, ಒಂದೇ ಉಂಡೆಯಾಗಿ ಹೋಗುತ್ತವೆ.

ಕಿವಿಯಲ್ಲಿ ಗುಂಯ್ ಎನ್ನುವುದರ ನಡುವೆ ಮೊದಲು ಕೇಳಿಸಿದ ಮಾತು ಮಾವನದು. "ಒಂದು ಉಳ್ಕೊಂಡಿತ್ತು, ಅಷ್ಟೆ. ಹೋಯ್ತಲ್ಲ. ಇನ್ನು ಖಾಲಿ."

ಬಾವ ಸೋಫಾದ ಮೇಲೆ ಕುಸಿದು ಕೂತಿದ್ದರು, ಬಂದೂಕು ತೊಡೆಯ ಮೇಲೆ ಅಡ್ಡಡ್ಡ. ಅದರ ಬಾಯಿ ಅಡುಗೆಮನೆಯ ಬಾಗಿಲ ಕಡೆಗಿತ್ತು, ಬಾಗಿಲಲ್ಲಿ ಅತ್ತೆ ಇದ್ದರು.

ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯಾಕೆ ಕೂಗಿದರು. "ಎನ್ನ ಮಾಮಿ, ಇಪ್ಪೋವೇ ದೀಪಾವಳಿಯಾ?" ಈಗಲೇ ದೀಪಾವಳಿಯಾ ಎಂದು.

ಅತ್ತೆಯ ದನಿ ಒಂದಿಷ್ಟೂ ನಡುಗಲಿಲ್ಲ. "ಆಮಾಂಗ! ಚುಮ್ಮಾ ಒರು ವೆಡಿ!" ಹೌದು, ಸುಮ್ಮನೆ ಒಂದು ಪಟಾಕಿ. ಹಾಗೆ ಹೇಳಿ ಕಿಟಕಿ ಮುಚ್ಚಿ ನನ್ನ ಕಡೆ ತಿರುಗಿದರು. "ಯಾರ ಹತ್ರವೂ ಬಾಯಿ ಬಿಡ್ಬೇಡ. ಲೈಸೆನ್ಸ್ ಹೋಗುತ್ತೆ."

ಮಗಳನ್ನು ಕೀಲ್ಪಾಕಿನ ಕಿವಿ ವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಅಲ್ಲಿಯೂ ಪಟಾಕಿಯೇ. ನನ್ನ ಗಂಡ ಅದನ್ನು ಎಷ್ಟು ಸಲೀಸಾಗಿ ಹೇಳಿದರೆಂದರೆ, ಯಾವ ಜಾತಿಯ ಪಟಾಕಿ ಎಂದು ಕೇಳಿದ್ದರೆ ಅದನ್ನೂ ಹೇಳುತ್ತಿದ್ದರು. ವೈದ್ಯರು ನನ್ನನ್ನು ಬೈದರು. ಮಕ್ಕಳ ಪಕ್ಕದಲ್ಲಿ ಅಂಥದ್ದನ್ನು ಹಚ್ಚುತ್ತಾರಾ, ತಾಯಿಯಾಗಿ ನೋಡಿಕೊಂಡು ನಿಂತಿದ್ದಿರಾ? ಇಡೀ ಮನೆಯಲ್ಲಿ ಬೈಸಿಕೊಂಡವಳು ನಾನೊಬ್ಬಳೇ.

ಸಂಜೆ ನೆಂಟರು ಬನ್ನಿ ಕೊಡಲು ಬಂದರು. ಗೋಡೆಯ ಗಾಯಕ್ಕೆ ಅಷ್ಟರಲ್ಲಿ ಕ್ಯಾಲೆಂಡರು ತೂಗುಹಾಕಿದ್ದರು. ಆಪ್ತರಾದವರಿಗೆ ಮಾತ್ರ ಕಥೆ ಹೇಳಿದರು, ಕಥೆ ಆಗಲೇ ಬದಲಾಗಿತ್ತು. "ಇಂಪೋರ್ಟೆಡ್ ಅಂತ ಹೆಸರು. ಏನೋ ಡಿಫೆಕ್ಟು, ತಾನಾಗೇ ಹೊಡೆದುಬಿಡ್ತು." ಬೀರುವಿನಿಂದ ಬಂದೂಕು ಮತ್ತೆ ಹೊರಗೆ ಬಂತು. ಗಂಡನ ಚಿಕ್ಕಪ್ಪನ ಮಗನೊಬ್ಬ ಅದನ್ನು ಭುಜಕ್ಕಿಟ್ಟು ಫ್ಯಾನಿಗೆ ಗುರಿ ಹಿಡಿದ, ಕಿಟಕಿಗೆ ಹಿಡಿದ, ಕೊನೆಗೆ ಬಾವನ ಎದೆಗೆ ಹಿಡಿದು "ಹ್ಯಾಂಡ್ಸ್ ಅಪ್!" ಎಂದ. ಬಾವ ಎರಡೂ ಕೈ ಮೇಲೆತ್ತಿ ನಕ್ಕರು. ನಾನು ಮಗಳನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ಅದನ್ನು ಮೌಂಟ್ ರೋಡಿನ ಕಡೆಯ ಬಂದೂಕಿನ ಅಂಗಡಿಗೆ ತೋರಿಸಲು ಹೊರಟರು. ನಾನೂ ಬರುತ್ತೇನೆ ಎಂದೆ. ಡಿಫೆಕ್ಟು ಎಂಬ ಮಾತನ್ನು ಅವರ ಬಾಯಿಂದ ಕೇಳುವುದಕ್ಕಿಂತ ಅಂಗಡಿಯವರ ಬಾಯಿಂದಲೇ ಕೇಳಬೇಕಿತ್ತು. ಅಣ್ಣ ತಮ್ಮ ಮುಂದೆ ಕೂತರು. ಹಿಂದಿನ ಸೀಟಿನಲ್ಲಿ ನಾನು, ಬಟ್ಟೆಯ ಚೀಲದಲ್ಲಿ ಬಂದೂಕು. ಪ್ರತಿ ಸ್ಪೀಡ್ ಬ್ರೇಕರಿಗೂ ಅದು ಜಾರಿ ಬೀಳುತ್ತಿತ್ತು. ಕೊನೆಗೆ ಬಾವ ತಿರುಗಿ, "ಸ್ವಲ್ಪ ಹಿಡ್ಕೊಳ್ಳಮ್ಮಾ, ಗೀರಾಗುತ್ತೆ" ಎಂದರು. ಮೊಣಕಾಲಿನ ನಡುವೆ ನಿಲ್ಲಿಸಿ ಹಿಡಿದುಕೊಂಡೆ. ಅದರ ಬಾಯಿ ನನ್ನ ಗದ್ದದ ಕೆಳಗಿತ್ತು.

ಅಂಗಡಿಯವರು ಚೀಲ ಬಿಚ್ಚಿ, ನಳಿಕೆಯನ್ನು ಗೋಡೆಯ ಕಡೆ ತಿರುಗಿಸಿ, ಪಕ್ಕದ ಹಿಡಿಯನ್ನು ಎಳೆದರು. ಕೆಂಪು ತೋಟಾ ಒಂದು ಹಾರಿ ಗಾಜಿನ ಕೌಂಟರಿನ ಮೇಲೆ ಕುಣಿಯಿತು.

"ಎನ್ನ ಸಾರ್ ಇದು? ಉಳ್ಳೆ ಇನ್ನೊಣ್ಣು ಇರುಕ್ಕು!" ಒಳಗೆ ಇನ್ನೊಂದು ಇದೆ.

ನನ್ನ ಗಂಡ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಸೇಫ್ಟಿ ಗುಂಡಿಯನ್ನೂ ಯಾರೂ ಒತ್ತಿರಲಿಲ್ಲ ಎಂದು ಅಂಗಡಿಯವರು ಬೆರಳಿಟ್ಟು ತೋರಿಸಿದರು. ಅಲ್ಲಿಗೆ ಎಲ್ಲವೂ ನೀರಿನಷ್ಟು ಸ್ಪಷ್ಟವಾಯಿತು. ಬೀರುವಿನಲ್ಲಿದ್ದಾಗ ಅದರಲ್ಲಿ ಮೂರಿದ್ದವು. ಪೂಜೆಯ ದಿನ ಬಾವ ಒಂದನ್ನು ತೆಗೆದು ಹಿಡಿ ಬಿಟ್ಟ ಕ್ಷಣ ಎರಡನೆಯದು ಕೊಳವೆಯಿಂದ ಬಂದು ಕೂತಿತು. ವಿಜಯದಶಮಿಯ ಬೆಳಿಗ್ಗೆ ಅದು ಸಿಡಿದ ಕ್ಷಣ ಮೂರನೆಯದು ಬಂದು ಕೂತಿತು. ವಿಭೂತಿ, ಗಂಧ, ಸಮುದ್ರದ ಉಪ್ಪುಗಾಳಿ, ಯಾವುದೂ ಅದನ್ನು ತಡೆಯಲಿಲ್ಲ. ಮಾವ "ಇನ್ನು ಖಾಲಿ" ಎಂದಾಗ, ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದಾಗ, ಬಾವ ಕೈ ಮೇಲೆತ್ತಿ ನಕ್ಕಾಗ, ನಾನು ಅದನ್ನು ಗದ್ದದ ಕೆಳಗೆ ಹಿಡಿದು ಕೂತಿದ್ದಾಗ ಅದು ಸಿದ್ಧವಾಗಿಯೇ ಇತ್ತು. ಸ್ವಲ್ಪ ಕೆಟ್ಟ ಬಂದೂಕಾಗಿದ್ದರೆ! ಅರ್ಧದಲ್ಲೇ ಸಿಕ್ಕಿಹಾಕಿಕೊಂಡು ನಿಂತು ಬಾವನಿಂದ ಬೈಸಿಕೊಳ್ಳುವ ಬಂದೂಕಾಗಿದ್ದರೆ!

ಅಂಗಡಿಯವರು ಅದನ್ನು ಬಿಚ್ಚಿ, ಒಂದೊಂದು ಭಾಗವನ್ನೂ ನೋಡಿ, ಮತ್ತೆ ಜೋಡಿಸಿ, "ಗನ್ನು ಎ ಒನ್ನು ಸಾರ್" ಎಂದರು.

ಹೊರಗೆ ಬರುವಷ್ಟರಲ್ಲಿ ಬಾವನ ಮುಖಕ್ಕೆ ಬಣ್ಣ ವಾಪಸು ಬಂದಿತ್ತು. "ಕೇಳಿಸ್ಕೊಂಡ್ಯಾ?" ಎಂದರು ತಮ್ಮನಿಗೆ. "ಗನ್ನಲ್ಲಿ ಏನೂ ಡಿಫೆಕ್ಟ್ ಇಲ್ವಂತೆ. ನಾನು ಹೇಳ್ಲಿಲ್ವಾ, ಈ ಕಂಪನಿ ಅಂದ್ರೆ ಕಂಪನಿ. ಎಣ್ಣೆ ಹಾಕಿಸಿ ಸಂಜೆಗೆ ತಗೊಂಡು ಹೋಗೋಣ."

ಅಲ್ಲಿಯವರೆಗೆ ನಾನು ಬಾವನ ಎದುರು ದನಿ ಎತ್ತಿದವಳಲ್ಲ. ಆ ಫುಟ್‌ಪಾತಿನ ಮೇಲೆ, ಬಸ್ಸುಗಳ ಗದ್ದಲದಲ್ಲಿ ಎತ್ತಿದೆ.

"ಗನ್ನಲ್ಲಿ ತಪ್ಪಿಲ್ಲ ಅಂದ್ರೆ ತಪ್ಪು ಯಾರದು ಬಾವ? ಮನೆಗೆ ಬನ್ನಿ. ನನ್ನ ಮಗಳ ಮುಂದೆ ನಿಂತು, ನಾನು ಒಳಗೆ ನೋಡಲಿಲ್ಲ ಅಂತ ಹೇಳಿ. ಹೇಳಿದ ದಿನ ಇದು ಮನೆಗೆ ಬರ್ಲಿ, ನಾನೇ ಆರತಿ ಎತ್ತಿ ಒಳಗೆ ಕರ್ಕೊಳ್ತೀನಿ. ಅದಕ್ಕೆ ಮೊದಲು ಬಂದ್ರೆ ನಾನೂ ಅವಳೂ ಸಂಜೆ ರೈಲಿಗೆ ಮೈಸೂರಿಗೆ ಹೊರಡ್ತೀವಿ."

"ಅಷ್ಟು ಚಿಕ್ಕ ಹುಡುಗಿ ಹತ್ರ ನಾನು ಮನ್ನಿಪ್ಪು ಕೇಳ್ಬೇಕಾ?"

"ಕ್ಷಮೆ ಬೇಡ. ನೋಡಲಿಲ್ಲ ಅನ್ನಿ, ಸಾಕು."

ಅವರು ತಮ್ಮನ ಮುಖ ನೋಡಿದರು. ನನ್ನ ಗಂಡ ತಲೆ ಎತ್ತಲಿಲ್ಲ, ಆದರೆ ಮೊದಲ ಸಲ ನಗಲೂ ಇಲ್ಲ. "ಸದ್ಯಕ್ಕೆ ಇಲ್ಲೇ ಇರ್ಲಿ ಬಿಡೋ," ಎಂದರು.

ಬಂದೂಕು ಅಂಗಡಿಯವರ ಸುಪರ್ದಿಯಲ್ಲೇ ಉಳಿಯಿತು. ನನ್ನ ಲೆಕ್ಕ ಸರಳವಾಗಿತ್ತು. ಆ ಮಾತು ಹೇಳಬಲ್ಲ ಮನುಷ್ಯ ಮುಂದಿನ ಸಲ ಒಳಗೆ ನೋಡುತ್ತಾನೆ. ಹೇಳಲಾರದವನು ನೋಡುವುದಿಲ್ಲ. ಮಾವ, "ಅದೇನು ಮಹಾ ಮಾತು, ಹೇಳಿಬಿಡೋ" ಎಂದರು. ಅತ್ತೆ, "ಗಂಡಸಿನ ಬಾಯಲ್ಲಿ ಅಂಥ ಮಾತು ಹೇಳಿಸ್ತಾರಾ ಯಾರಾದ್ರೂ?" ಎಂದು ನನ್ನ ಜೊತೆ ವಾರಗಟ್ಟಲೆ ಮುಖ ಕೊಟ್ಟು ಮಾತಾಡಲಿಲ್ಲ. ಬಾವ ಎಲ್ಲವನ್ನೂ ಹೇಳಿದರು, ಅದೊಂದನ್ನು ಬಿಟ್ಟು. ಗ್ರಹಚಾರ ಎಂದರು, ಯಾರದೋ ಕಣ್ಣು ಬಿತ್ತು ಎಂದರು, ನಾನು ಹಿಂದಿನ ದಿನ ಅಪಶಕುನದ ಮಾತಾಡಿದ್ದಕ್ಕೇ ಆಯಿತು ಎಂದೂ ಒಮ್ಮೆ ಅಂದರು. ಮಗಳಿಗೆ ದುಬಾರಿ ಸೈಕಲ್ಲು ತಂದುಕೊಟ್ಟರು. ತಿಂಗಳಿಗೊಮ್ಮೆ ಅಂಗಡಿಗೆ ಹೋಗಿ ಬಂದೂಕಿಗೆ ತಾವೇ ಎಣ್ಣೆ ಹಾಕಿ ಒರೆಸಿ ಬರುತ್ತಿದ್ದರು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ಮಾವ ತೀರಿಕೊಂಡರು, ಬಾವ ಅದನ್ನು ಮಾರಿಬಿಟ್ಟರು. ಕೊಂಡವರು ಅದರ ಕೆಲಸವನ್ನು ಬಹಳ ಹೊಗಳಿದರಂತೆ. ಅಂದು ರಾತ್ರಿ ಬಾವ ಊಟ ಮಾಡಲಿಲ್ಲ. ಆ ಮೂರು ಪದಗಳನ್ನು ಹೇಳುವುದಕ್ಕಿಂತ ಅದನ್ನು ಕಳೆದುಕೊಳ್ಳುವುದೇ ಅವರಿಗೆ ಸುಲಭವಾಯಿತು.

ನನಗೆ ಬೇಕಾದದ್ದು ಸಿಕ್ಕಿತು, ಬಂದೂಕು ಮನೆಗೆ ಬರಲಿಲ್ಲ. ಆದರೂ ಸಿಟ್ಟು ಇಳಿದಿಲ್ಲ. ಮಗಳು ಈಗ ಕಾಲೇಜಿನಲ್ಲಿದ್ದಾಳೆ. ವಿಜಯದಶಮಿಯ ಬೆಳಿಗ್ಗೆ ಬಾವ ಕಾರಿನ ಕೀಲಿ ಎತ್ತಿಕೊಂಡ ಕೂಡಲೇ, "ದೊಡ್ಡಪ್ಪಾ, ಉಳ್ಳೆ ಪಾತ್ತೀಂಗಳಾ?" ಎಂದು ಕೇಳುತ್ತಾಳೆ. ಒಳಗೆ ನೋಡಿದ್ರಾ? ಎಲ್ಲರೂ ನಗುತ್ತಾರೆ, ಅವಳೂ ನಗುತ್ತಾಳೆ, ಆದರೆ ಕಾರು ಶುರುವಾಗುವ ಮೊದಲು ಎಡಗಿವಿಗೆ ಕೈ ಹೋಗುತ್ತದೆ.

ಆ ವಿಜ್ಞಾನದ ಪುಸ್ತಕ ನನ್ನ ಹತ್ತಿರವಿದೆ. ಪ್ರತಿ ವರ್ಷ ಪೂಜೆಗೆ ಪುಸ್ತಕ ಜೋಡಿಸುವಾಗ ಅದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಹರಿದ ಪುಸ್ತಕ ಪೂಜೆಗೆ ಇಡಬಾರದು ಎಂದು ಅತ್ತೆ ಹೇಳುತ್ತಾರೆ, ನಾನು ಕೇಳುವುದಿಲ್ಲ. ಹಿರಿಯ ಮಗನಾಗಿ ಎಲ್ಲದಕ್ಕೂ ಕುಂಕುಮ ಇಡುವುದು ಬಾವನ ಕೆಲಸ. ಗಜಕೋಲಿಗೆ, ಕತ್ತರಿಗೆ, ಕೀಲಿಗೆ ಇಡುತ್ತ ಬಂದು ಪುಸ್ತಕಗಳ ಹತ್ತಿರ ಅವರ ಬೆರಳು ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಮೇಲಿನದನ್ನು ಬಿಟ್ಟು ಅದರ ಕೆಳಗಿನದಕ್ಕೆ ಹೋಗುತ್ತದೆ. ನಾನು ಅಲ್ಲೇ ನಿಂತು ನೋಡುತ್ತೇನೆ. ಅವರು ಎದ್ದ ಮೇಲೆ ಆ ಪುಸ್ತಕಕ್ಕೆ ನಾನೇ ಕುಂಕುಮ ಇಡುತ್ತೇನೆ, ತೂತಿನ ಸುತ್ತ.